ವೈಬ್ರೇಟರಿ ಟಂಬ್ಲರಿನಲ್ಲಿ ಕಲ್ಲಿಗೆ ಹೊಳಪು: ಎಲ್ಲ ಇರುವುದು ನೀರಿನ ಹದದಲ್ಲಿ

ವೈಬ್ರೇಟರಿ ಟಂಬ್ಲರ್ ಎಂದರೆ ಬೌಲನ್ನು ಅದುರಿಸಿ ಕಲ್ಲಿಗೆ ಹೊಳಪು ಕೊಡುವ ಯಂತ್ರ, ಕಲ್ಲಿನ ಆಕಾರ ತಿದ್ದುವ ಯಂತ್ರವಲ್ಲ. ಇದು ಗೊತ್ತಿಲ್ಲದೆ ಕೊಂಡವರೇ ಹದಿನೈದು ದಿನ ಓಡಿಸಿ, ಚೂಪು ಮೂಲೆಯ ಕಲ್ಲು ಚೂಪಾಗಿಯೇ ಹೊರಬಂದಾಗ ಯಂತ್ರವನ್ನು ಬೈಯುವುದು. ಡಬ್ಬಿ ಉರುಳುವ ರೋಟರಿ ಟಂಬ್ಲರಿನಲ್ಲಿ ಕಲ್ಲುಗಳು ಒಂದರ ಮೇಲೊಂದು ಜಾರಿ ಬೀಳುತ್ತ ಮೂಲೆ ಸವೆಸಿಕೊಳ್ಳುತ್ತವೆ. ಅಲ್ಲಿ ಒಂದೊಂದು ಹಂತಕ್ಕೂ ವಾರ ಹಿಡಿಯುತ್ತದೆ. ವೈಬ್ರೇಟರಿಯಲ್ಲಿ ಮೋಟಾರಿನ ತುದಿಗೆ ನಡುವಿನಿಂದ ಒಂದು ಬದಿಗೆ ಸರಿಸಿ ಕೂರಿಸಿದ ತೂಕದ ತುಂಡು ಇಡೀ ಬೌಲನ್ನು ನಿಮಿಷಕ್ಕೆ ಸಾವಿರಾರು ಸಲ ಅದುರಿಸುತ್ತದೆ. ಕಲ್ಲುಗಳು ಬೀಳುವುದಿಲ್ಲ, ಒಂದಕ್ಕೊಂದು ಒತ್ತಿಕೊಂಡೇ ತಿಕ್ಕಾಡುತ್ತವೆ. ಮೈ ಬೇಗ ನಯವಾಗುತ್ತದೆ, ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಹಾಗಾಗಿ ದಾರಿ ಎರಡೇ. ಒಡೆದ ಕಲ್ಲಾದರೆ ಮೊದಲು ರೋಟರಿಯಲ್ಲಿ 60/90 ಗ್ರಿಟ್ (ಕಲ್ಲು ಸವೆಸುವ ಪುಡಿ, ಅಂಕಿ ಹೆಚ್ಚಿದಷ್ಟೂ ಪುಡಿ ಸಣ್ಣ) ಹಾಕಿ ಗುಂಡಗೆ ಮಾಡಿಕೊಂಡು, ಆಮೇಲೆ ವೈಬ್ರೇಟರಿಗೆ ತರುವುದು. ಇಲ್ಲವೇ ನದಿ ಆಗಲೇ ಗುಂಡಗೆ ಮಾಡಿಟ್ಟಿರುವ ಕಲ್ಲನ್ನೇ ಆರಿಸಿಕೊಳ್ಳುವುದು. ಕಾವೇರಿ, ಕಬಿನಿ, ಹೇಮಾವತಿ ಹರಿಯುವ ಸೀಮೆಯಲ್ಲಿ ಎರಡನೆಯದೇ ಸಲೀಸು. ಒಂದೇ ಯಂತ್ರ ಕೊಳ್ಳುವ ದುಡ್ಡಿದ್ದು, ಕೈಯಲ್ಲಿರುವುದು ಗ್ರಾನೈಟ್ ಅಂಗಡಿಯ ಚೂರುಗಳು ಮಾತ್ರ ಎಂದಾದರೆ ರೋಟರಿಯನ್ನೇ ಕೊಳ್ಳಿ.

ಯಂತ್ರ, ಕರೆಂಟು, ಜಾಗ

ಬಂದೂಕಿನ ಹಿತ್ತಾಳೆ ತೋಟಾ ತಿಕ್ಕಲು ಮಾರುವ ತೆಳು ಪ್ಲಾಸ್ಟಿಕ್ ಬೌಲಿನ ವೈಬ್ರೇಟರುಗಳು ಅಗ್ಗಕ್ಕೆ ಸಿಗುತ್ತವೆ. ಅವು ಒಣ ಪುಡಿಗೆ ಮಾಡಿದವು. ಎರಡು ಕಿಲೋ ಒದ್ದೆ ಕಲ್ಲು ಹೊರಿಸಿ ದಿನಗಟ್ಟಲೆ ಓಡಿಸಿದರೆ ಮೋಟಾರು ಬಿಸಿಯಾಗಿ ನಿಲ್ಲುತ್ತದೆ, ಬೌಲಿನ ಬುಡ ತೂತಾಗುತ್ತದೆ. ದಪ್ಪ ರಬ್ಬರು ಅಥವಾ ಪಾಲಿಯುರೆಥೇನ್ ಬೌಲು ಇರುವ, ದಿನವಿಡೀ ಓಡಲೆಂದೇ ಮಾಡಿದ ಯಂತ್ರ ಬೇಕು.

ಅಮೆರಿಕದಿಂದ ತರಿಸಿದ ಯಂತ್ರವಾದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಹರ್ಟ್ಸನ್ನಲ್ಲ. ಮೋಟಾರಿನ ವೇಗ ಆರನೇ ಒಂದು ಪಾಲು ಇಳಿಯುತ್ತದೆ. ಅದುರುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಸುಮಾರು ಶೇ. 30 ಕಮ್ಮಿಯಾಗುತ್ತದೆ. ಕಲ್ಲು ಸೋಮಾರಿಯಾಗಿ ತಿರುಗಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ, ಲೋಡನ್ನು ಸ್ವಲ್ಪ ತಗ್ಗಿಸಿ, ಹಂತಕ್ಕೆ ಅರ್ಧ ದಿನ ಹೆಚ್ಚು ಕೊಡಿ. 60 ಹರ್ಟ್ಸ್‌ನ ಮೋಟಾರು 50ರಲ್ಲಿ ಬಿಸಿಯೂ ಹೆಚ್ಚು ಆಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ 100 ವೋಲ್ಟಿನ ಟ್ಯಾಪ್ ಇದ್ದರೆ ಅದಕ್ಕೇ ಸಿಕ್ಕಿಸುವುದು ಕ್ಷೇಮ. ಟ್ರಾನ್ಸ್‌ಫಾರ್ಮರಿನ ವ್ಯಾಟ್ ಯಂತ್ರದ್ದರ ಎರಡರಷ್ಟಾದರೂ ಇರಲಿ.

ಯಂತ್ರವನ್ನು ಮರದ ಮೇಜಿನ ಮೇಲೆ ಇಟ್ಟರೆ ಮೇಜೇ ತಮಟೆಯಾಗುತ್ತದೆ. ಹಿತ್ತಲಿನ ಸಿಮೆಂಟ್ ನೆಲದ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿ ಇಡಿ. ಬಿಸಿಲು ನೇರ ಬೀಳಬಾರದು, ಮಳೆ ಎರಚಲು ತಾಗಬಾರದು, ಮೋಟಾರಿಗೆ ಗಾಳಿ ಆಡಬೇಕು. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಬೇಕು, ಏಕೆಂದರೆ ನೀರೂ ಕರೆಂಟೂ ಒಟ್ಟಿಗಿರುವ ಕೆಲಸ ಇದು. ವಠಾರದ ಮನೆ, ಅಪಾರ್ಟ್‌ಮೆಂಟ್ ಬಾಲ್ಕನಿ ಆದರೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ರಾತ್ರಿಯಿಡೀ ಜುಂಯ್ ಎನ್ನುವ ಸದ್ದು ಗೋಡೆ ದಾಟುತ್ತದೆ.

ಯಾವ ಕಲ್ಲು ಒಪ್ಪುತ್ತದೆ

ಒಂದು ಲೋಡಿನಲ್ಲಿ ಒಂದೇ ಗಟ್ಟಿತನದ ಕಲ್ಲುಗಳಿರಬೇಕು. ಗಟ್ಟಿ ಕಲ್ಲು ಮೆದು ಕಲ್ಲನ್ನು ತಿಂದುಹಾಕುತ್ತದೆ, ತಿಂದ ಪುಡಿ ಎಲ್ಲದರ ಹೊಳಪನ್ನೂ ಕೆಡಿಸುತ್ತದೆ. ಪರೀಕ್ಷೆ ಸುಲಭ. ಒಳ್ಳೆಯ ಉಕ್ಕಿನ ಚಾಕುವಿನ ಮೊನೆಯಿಂದ ಗೀಚಿ. ಕಲ್ಲಿನಲ್ಲಿ ಗೀರು ಬಿದ್ದರೆ ಅದು ಈ ಲೋಡಿಗೆ ಬೇಡ. ಚಾಕುವಿನದೇ ಲೋಹ ಬೂದು ಗೆರೆಯಾಗಿ ಕಲ್ಲಿನ ಮೇಲೆ ಉಳಿದರೆ, ಕಲ್ಲು ಗಾಜನ್ನೂ ಗೀಚಿದರೆ, ಬೌಲಿಗೆ ಹಾಕಬಹುದು.

ನಮ್ಮ ಕಡೆ ಎಲ್ಲಕ್ಕಿಂತ ಒಪ್ಪುವುದು ಬೆಣಚುಕಲ್ಲು. ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಮಾಪನದಲ್ಲಿ ಅದು 7. ಹೊಳೆಯ ಬೆಣಚು ಹಾಲುಬಿಳಿ, ಹೊಗೆಬಣ್ಣ, ಕಬ್ಬಿಣದ ಕಲೆ ಹಿಡಿದ ಜೇನುಬಣ್ಣ ಹೀಗೆ ಸಿಗುತ್ತದೆ. ಶ್ರೀರಂಗಪಟ್ಟಣದ ಸುತ್ತ ಹಳೆಯ ಬಂಡೆಯನ್ನು ಸೀಳಿಕೊಂಡು ಬಂದ ಫೆಲ್ಸೈಟ್, ಪಾರ್ಫಿರಿ ಕಲ್ಲಿನ ಡೈಕುಗಳಿವೆ (ಗೋಡೆಯಂಥ ಪಟ್ಟಿಗಳು). ನುಣುಪಾದ ಹಿನ್ನೆಲೆಯಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಚುಕ್ಕಿಚುಕ್ಕಿಯಾಗಿ ಕೂತ ಈ ಕಲ್ಲು ಹೊಳಪು ಹಿಡಿದರೆ ನೋಡುವಂತಿರುತ್ತದೆ. ಅಂಗಡಿಯವರು ಕರಿ ಗ್ರಾನೈಟ್ ಎನ್ನುವ ಡಾಲರೈಟ್ ಕೂಡ ಚೆನ್ನ, ಆದರೆ ಬೆಣಚಿಗಿಂತ ಸ್ವಲ್ಪ ಮೆದು, ಅದನ್ನು ಪ್ರತ್ಯೇಕ ಲೋಡಾಗಿ ಓಡಿಸಿ.

ಕೈಕೊಡುವ ಕಲ್ಲುಗಳ ಪಟ್ಟಿ ಇದಕ್ಕಿಂತ ಉದ್ದ. ಬಿಳಿಯಾಗಿದ್ದದ್ದೆಲ್ಲ ಬೆಣಚಲ್ಲ. ಮೈಸೂರು ತಾಲ್ಲೂಕಿನ ದೊಡ್ಡಕಾನ್ಯ ಕಡೆ ಮ್ಯಾಗ್ನಸೈಟ್ ಗಣಿ ನಡೆದ ಜಾಗವಿದೆ. ಆ ಕಲ್ಲೂ ಬೆಳ್ಳಗೇ, ಗಟ್ಟಿತನ ಮಾತ್ರ ಸುಮಾರು 4, ಚಾಕುವಿಗೆ ಗೀರು ಬೀಳುತ್ತದೆ. ಬಳಪದ ಕಲ್ಲನ್ನು ಯೋಚಿಸಲೇ ಬೇಡಿ. ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆಯ ಹರಳುಗಳಲ್ಲಿ ಕಪ್ಪು ಪಟ್ಟೆ ಎಂದರೆ ಬಹುಪಾಲು ಅಭ್ರಕ, ನಮ್ಮ ಹಳ್ಳಿಗಳ ಕಾಗೆಬಂಗಾರ. ಬೆಣಚಿನ ಭಾಗ ಉಳಿದು ಅಭ್ರಕ ಸವೆದು ಹೋಗಿ ಕಲ್ಲಿನ ತುಂಬ ತಗ್ಗು ಬೀಳುತ್ತದೆ. ಹಸಿರು ಫುಕ್ಸೈಟಿನಲ್ಲಿ ಕೆಂಪು ಕುರುಂದದ ಹರಳು ಕೂತಿರುವ ಕಲ್ಲು ಮೈಸೂರು ಸೀಮೆಯ ಹೆಸರಲ್ಲಿ ಆನ್‌ಲೈನಿನಲ್ಲಿ ಮಾರಾಟವಾಗುತ್ತದೆ. ನೋಡಲು ಆಸೆ ಹುಟ್ಟಿಸುವ ಕಲ್ಲು, ಟಂಬ್ಲರಿಗೆ ಮಾತ್ರ ಶತ್ರು. ಕುರುಂದ 9, ಅದನ್ನು ಸುತ್ತಿರುವ ಅಭ್ರಕದ ಜಾತಿಯ ಫುಕ್ಸೈಟ್ 3ರ ಒಳಗೆ. ಒಂದು ಸವೆಯುವುದೇ ಇಲ್ಲ, ಇನ್ನೊಂದು ನಿಲ್ಲುವುದೇ ಇಲ್ಲ.

ಅಗೇಟ್ ಬೇಕೆಂದರೆ ನಮ್ಮ ಮೈಸೂರು ಸೀಮೆಯಲ್ಲಿ ಹುಡುಕಬೇಡಿ, ಅದು ದಖ್ಖನ್ ಟ್ರ್ಯಾಪ್ ಎಂಬ ಲಾವಾ ಬಂಡೆಯ ಸೀಮೆಯ ಕಲ್ಲು. ಗುಜರಾತಿನ ಖಂಭಾತ್‌ನ ವ್ಯಾಪಾರಿಗಳಿಂದ ಕಿಲೋ ಲೆಕ್ಕದಲ್ಲಿ ತರಿಸಬಹುದು.

ಹೊಳೆಯಲ್ಲಿ ಆರಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಬಿರುಕು. ಕಲ್ಲನ್ನು ಒದ್ದೆ ಮಾಡಿ ಬಿಸಿಲಿಗೆ ಹಿಡಿಯಿರಿ. ಮೈಯೆಲ್ಲ ಒಣಗುತ್ತ ಬಂದಾಗಲೂ ಒಂದು ಗೆರೆಯಲ್ಲಿ ಮಾತ್ರ ತೇವ ಉಳಿದರೆ ಅದೇ ಬಿರುಕು, ಆ ಕಲ್ಲನ್ನು ಅಲ್ಲೇ ಬಿಡಿ. ಅದರೊಳಗೆ ಕೂತ ಗ್ರಿಟ್ ಎಷ್ಟು ತೊಳೆದರೂ ಬಾರದೆ ಪಾಲಿಶ್ ಹಂತದಲ್ಲಿ ಹೊರಬರುತ್ತದೆ. ರಂಗನತಿಟ್ಟು, ನಾಗರಹೊಳೆ, ಬಂಡೀಪುರದ ಒಳಗೆ ಒಂದು ಹರಳನ್ನೂ ಎತ್ತಬೇಡಿ, ಅವು ವನ್ಯಜೀವಿ ಕಾಯ್ದೆಗೆ ಒಳಪಟ್ಟ ಜಾಗಗಳು. ಬೇರೆಡೆಯೂ ಕೈಚೀಲದ ಮಟ್ಟಿಗೆ ಇರಲಿ.

ಗಾತ್ರ ಮಿಶ್ರವಾಗಿರಬೇಕು. ಅತಿ ದೊಡ್ಡದು ಮೂರೂವರೆ ಸೆಂಟಿಮೀಟರು, ಹೆಚ್ಚಿನವು ಒಂದರಿಂದ ಎರಡೂವರೆ. ಇವುಗಳ ಜೊತೆ ಬೌಲಿನ ಮೂರನೇ ಒಂದು ಪಾಲಿನಷ್ಟು ಸಣ್ಣ ಸೆರಾಮಿಕ್ ತುಂಡುಗಳು ಬೇಕು. ಗ್ರಿಟ್ಟನ್ನು ಕಲ್ಲಿನ ಸಂದಿಗೆ ಒಯ್ಯುವುದು, ಕಲ್ಲಿಗೆ ಕಲ್ಲು ಬಡಿಯದಂತೆ ತಡೆಯುವುದು ಇವೇ. ಮನೆ ಕಟ್ಟುವ ಕಡೆ ಹೊಳೆಮರಳು ಜರಡಿ ಹಿಡಿದಾಗ ಮೇಲೆ ಉಳಿಯುವ ಗುಂಡು ಬೆಣಚು ಹರಳನ್ನು ಮೊದಲ ಹಂತಕ್ಕೆ ಬದಲಿಗೆ ಬಳಸಬಹುದು. ಎಂ-ಸ್ಯಾಂಡಿನ ಚೂರು ಬೇಡ, ಅದು ಮೂಲೆಮೂಲೆ.

ಪುಡಿಗಳು

ಎರಡು ಕಿಲೋ ಲೋಡಿಗೆ, ಎಂದರೆ ಕಲ್ಲೂ ಸೆರಾಮಿಕ್ಕೂ ಸೇರಿ ಎರಡು ಕಿಲೋಗೆ, ಆರಂಭದ ಅಳತೆ ಹೀಗಿರಲಿ: 220 ಗ್ರಿಟ್ ಸಿಲಿಕಾನ್ ಕಾರ್ಬೈಡ್ 25 ಗ್ರಾಂ, 500 ಗ್ರಿಟ್ 20 ಗ್ರಾಂ, 1000 ಗ್ರಿಟ್ 15 ಗ್ರಾಂ, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್ ಪಾಲಿಶ್ 10ರಿಂದ 15 ಗ್ರಾಂ. ರೋಟರಿಯವರು ಸುರಿಯುವ ಲೆಕ್ಕಕ್ಕೆ ಇದು ಏನೇನೂ ಅಲ್ಲ, ಆದರೂ ಇಷ್ಟೇ ಸಾಕು. ಹೆಚ್ಚು ಹಾಕಿದರೆ ಬೇಗ ಆಗುವುದಿಲ್ಲ, ರಾಡಿ ಗಟ್ಟಿಯಾಗಿ ಕಲ್ಲೇ ನಿಲ್ಲುತ್ತದೆ.

ಅಂಗಡಿಯಲ್ಲಿ ಕಾರ್ಬೊರಂಡಮ್ ಪುಡಿ ಎಂದು ಕೇಳಿದರೆ ಗೊತ್ತಾಗುತ್ತದೆ. 500 ಸಿಗದಿದ್ದರೆ 400 ಅಥವಾ 600 ನಡೆಯುತ್ತದೆ. ಪಾಲಿಶ್ ಪುಡಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಕೇಳಿ, 1ರಿಂದ 3 ಮೈಕ್ರಾನ್ ಇರಲಿ. ಬೆಣಚಿಗೆ, ಗಾಜಿಗೆ ಸೀರಿಯಂ ಆಕ್ಸೈಡ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಲೋಹ ಹೊಳಪಿಸುವ ಬಫಿಂಗ್ ಸೋಪು, ಮೇಣದ ಕಡ್ಡಿಗಳು ಬೇಡ, ಅವು ನೀರಿಗೆ ಬೆರೆಯುವುದಿಲ್ಲ. ಪುಡಿ ಅಳೆಯುವಾಗ ಮೂಗಿಗೆ ಮಾಸ್ಕ್ ಇರಲಿ, ಹಂತಕ್ಕೊಂದು ಚಮಚ ಬೇರೆ ಇರಲಿ. 220ರ ಚಮಚ ಪಾಲಿಶ್ ಡಬ್ಬಿಯೊಳಗೆ ಹೋದರೆ ಆ ಡಬ್ಬಿಯ ಕತೆ ಮುಗಿಯಿತು.

ಮೊದಲ ಹಂತ, ಮತ್ತು ನೀರು

ಕಲ್ಲು, ಸೆರಾಮಿಕ್ ಎರಡನ್ನೂ ತೂತಿನ ಬುಟ್ಟಿಗೆ ಹಾಕಿ ನೀರಲ್ಲಿ ಅದ್ದಿ, ಎತ್ತಿ, ಸೋರುವುದು ನಿಲ್ಲುವ ತನಕ ಬಿಡಿ. ಬೌಲಿಗೆ ತುಂಬಿ. ಮಟ್ಟ ಬೌಲಿನ ಶೇ. 80ರಿಂದ 90 ಇರಬೇಕು. ಅರ್ಧ ಬೌಲಿನಲ್ಲಿ ಕಲ್ಲುಗಳು ಕುಣಿದು ಒಂದನ್ನೊಂದು ಜಜ್ಜುತ್ತವೆ, ಬಾಯಿತನಕ ತುಂಬಿದರೆ ಅಲುಗುವುದಿಲ್ಲ. ಯಂತ್ರ ಚಾಲೂ ಮಾಡಿ. ತಿರುಗುತ್ತಿರುವಾಗಲೇ 25 ಗ್ರಾಂ ಗ್ರಿಟ್ಟನ್ನು ಸುತ್ತಲೂ ಚಿಮುಕಿಸಿ. ಆಮೇಲೆ ನೀರು: ಎರಡು ದೊಡ್ಡ ಚಮಚ, ಸುಮಾರು 30 ಮಿಲಿ. ಅಷ್ಟೇ. ಕಲ್ಲು ಮುಳುಗುವಷ್ಟು ನೀರು ರೋಟರಿಯ ಅಭ್ಯಾಸ, ಇಲ್ಲಿ ಅದು ತಪ್ಪು.

ಏಕೆಂದರೆ ಗ್ರಿಟ್ ಕೆಲಸ ಮಾಡುವುದು ಕಲ್ಲಿನ ಮೈಗೆ ಅಂಟಿಕೊಂಡಿದ್ದಾಗ ಮಾತ್ರ. ನೀರು ಹೆಚ್ಚಾದರೆ ಗ್ರಿಟ್ ತೊಳೆದುಕೊಂಡು ಬೌಲಿನ ತಳಕ್ಕೆ ಇಳಿಯುತ್ತದೆ. ಆಗ ಸವೆಯುವುದು ಕಲ್ಲಲ್ಲ, ನಿಮ್ಮ ಬೌಲು. ಮೇಲೆ ಬೆತ್ತಲೆ ಕಲ್ಲುಗಳು ಒಂದಕ್ಕೊಂದು ಬಡಿದು, ಬೆಣಚಿನ ಏಣುಗಳ ಮೇಲೆ ಉಗುರು ಒತ್ತಿದಂಥ ಬಿಳಿ ಚಂದ್ರಾಕೃತಿಗಳು ಮೂಡುತ್ತವೆ. ನೀರು ಕಮ್ಮಿಯಾದರೆ ಸವೆದ ಪುಡಿ ಅಂಟಾಗಿ ಕಲ್ಲುಗಳನ್ನು ಒಂದೇ ಮುದ್ದೆ ಮಾಡುತ್ತದೆ, ಬೌಲು ಅದುರುತ್ತಿದ್ದರೂ ಒಳಗೆ ಚಲನೆ ಇರುವುದಿಲ್ಲ. ಬೇಕಾದ ಹದ ಇವೆರಡರ ನಡುವೆ, ಕುಡಿಯುವ ರಾಗಿ ಅಂಬಲಿಯಷ್ಟು.

ಹದ ನೋಡುವ ಕ್ರಮ ಇದು. ಯಂತ್ರ ನಿಲ್ಲಿಸಿ ಮಧ್ಯದಿಂದ ಒಂದು ಕಲ್ಲೆತ್ತಿ. ಬೂದು ರಾಡಿ ಕಲ್ಲಿನ ಮೈಯನ್ನು ಸಮವಾಗಿ ಮುಚ್ಚಿರಬೇಕು, ಬೆರಳಲ್ಲಿ ಎಳೆದ ಗೆರೆ ನಿಧಾನಕ್ಕೆ ಕೂಡಿಕೊಳ್ಳಬೇಕು. ಗೆರೆ ಹಾಗೇ ನಿಂತರೆ ನೀರು ಸಾಲದು. ಗೆರೆಯೇ ಬೀಳದೆ ರಾಡಿ ತೊಟ್ಟಿಕ್ಕಿದರೆ ನೀರು ಹೆಚ್ಚು. ಬೆರಳ ನಡುವೆ ತಿಕ್ಕಿದಾಗ ಮೊದಲ ದಿನ ಸಣ್ಣ ಮರಳಿನಂತೆ ಚುಚ್ಚುವ ಗ್ರಿಟ್ ಬರಬರುತ್ತ ನುಣ್ಣಗಾಗುತ್ತದೆ. ಪೂರ್ತಿ ನುಣುಪಾದರೆ ಅದರ ಕೆಲಸ ತೀರಿತು.

ಚಲನೆ ನೋಡಲು ಎದ್ದು ಕಾಣುವ ಬಣ್ಣದ ಒಂದು ಕಲ್ಲನ್ನು ಗುರುತಿಗೆ ಹಾಕಿ. ಅದು ಒಂದು ಬದಿಯಲ್ಲಿ ಒಳಗೆ ಮುಳುಗಿ, ಇನ್ನೊಂದು ಬದಿಯಲ್ಲಿ ಏಳುತ್ತ, ಜೊತೆಗೇ ಬೌಲಿನ ಸುತ್ತ ನಿಧಾನಕ್ಕೆ ಸಾಗಬೇಕು. ಐದು ನಿಮಿಷವಾದರೂ ಮೇಲೆಯೇ ಕೂತಿದ್ದರೆ ನೀರು ಚಿಮುಕಿಸಿ.

ನೀರನ್ನು ಇನ್ನು ಮುಂದೆ ಸ್ಪ್ರೇ ಬಾಟಲಿಯಿಂದ ಮಾತ್ರ ಕೊಡಿ, ಚೊಂಬಿನಿಂದ ಅಲ್ಲ. ಬೆಳಿಗ್ಗೆ ಸಂಜೆ ನಾಲ್ಕಾರು ಸಲ ಒತ್ತಿದರೆ ಸಾಕು. ಮಾರ್ಚಿಯಿಂದ ಮೇವರೆಗಿನ ಒಣ ಬಿಸಿಲಿಗೆ ನಾಲ್ಕು ಗಂಟೆಗೊಮ್ಮೆ ನೋಡಬೇಕಾಗುತ್ತದೆ. ಜುಲೈಯ ಜಿಟಿಜಿಟಿಯಲ್ಲಿ ಇಡೀ ದಿನ ನೀರು ಬೇಡವೆನ್ನಲೂಬಹುದು. ಗಡಿಯಾರ ನೋಡಿ ನೀರು ಹಾಕಬೇಡಿ, ಕಲ್ಲು ನೋಡಿ ಹಾಕಿ.

ಮೊದಲ ಆರೇಳು ಗಂಟೆ ರಾಡಿ ಹುಟ್ಟಿರುವುದಿಲ್ಲ, ಗ್ರಿಟ್ಟಿಗೆ ಅಂಟಲು ಏನೂ ಇಲ್ಲ. ಆಗ ಬಟ್ಟೆಯಲ್ಲಿ ಸೋಸಿದ ಜೇಡಿಮಣ್ಣು ಒಂದು ಚಿಕ್ಕ ಚಮಚ ಹಾಕಿದರೆ ಹದ ಬೇಗ ಕೂರುತ್ತದೆ. ಇದು 220ರ ಹಂತಕ್ಕೆ ಮಾತ್ರ. ಪಾಲಿಶ್ ಹಂತದಲ್ಲಿ ಮಣ್ಣೆಂಬುದು ಹತ್ತಿರ ಸುಳಿಯಬಾರದು.

24 ಗಂಟೆಯಲ್ಲಿ 220 ಗ್ರಿಟ್ ಹೆಚ್ಚಾಗಿ ಪುಡಿಯಾಗಿರುತ್ತದೆ. ಲೋಡು ತೊಳೆದು, ಹೊಸ ಗ್ರಿಟ್ ಹಾಕಿ ಇನ್ನೊಂದು ದಿನ ಓಡಿಸಿ. ಹೊಳೆಗಲ್ಲಿಗೆ ಎರಡರಿಂದ ಮೂರು ದಿನ ಹಿಡಿಯುತ್ತದೆ.

ಕರೆಂಟು ಹೋದರೆ ತಕ್ಷಣ ಸ್ವಿಚ್ ಆರಿಸಿ. ನಿಂತ ರಾಡಿ ಬಿಗಿದುಕೊಳ್ಳುತ್ತದೆ, ಕರೆಂಟು ಬಂದಾಗ ತಾನಾಗಿ ಚಾಲೂ ಆದ ಮೋಟಾರು ಗಟ್ಟಿ ಮುದ್ದೆಯನ್ನು ಅಲ್ಲಾಡಿಸಲಾರದೆ ಬಿಸಿಯಾಗುತ್ತದೆ. ಒಂದು ಗಂಟೆಯ ಒಳಗೆ ಬಂದರೆ ಕೈಯಲ್ಲಿ ಕಲಕಿ, ನೀರು ಚಿಮುಕಿಸಿ, ಮತ್ತೆ ಹಾಕಿ. ರಾತ್ರಿಯಿಡೀ ಇಲ್ಲವೆಂದರೆ ತೊಳೆದಿಟ್ಟು ಬೆಳಿಗ್ಗೆ ಅರ್ಧ ಗ್ರಿಟ್ಟಿನೊಂದಿಗೆ ಮುಂದುವರಿಸಿ. ಮನೆಯ ಇನ್ವರ್ಟರ್ ಸೈನ್‌ವೇವ್ ಜಾತಿಯದಲ್ಲದಿದ್ದರೆ ಅದರಲ್ಲಿ ಓಡಿಸಬೇಡಿ, ಮೋಟಾರು ಗುಂಯ್‌ಗುಡುತ್ತ ಕಾಯುತ್ತದೆ.

ಮುಂದಕ್ಕೆ ಹೋಗಬಹುದೇ?

ಒದ್ದೆ ಕಲ್ಲು ಯಾವಾಗಲೂ ಹೊಳೆಯುತ್ತದೆ, ನಂಬಬೇಡಿ. ಐದಾರು ಕಲ್ಲು ತೆಗೆದು, ತೊಳೆದು, ಪೂರ್ತಿ ಒಣಗಿಸಿ, ಭೂತಗನ್ನಡಿಯಲ್ಲಿ ನೋಡಿ. 220 ಮುಗಿದ ಕಲ್ಲು ಎಲ್ಲ ಕಡೆ ಒಂದೇ ಮಬ್ಬಾಗಿರಬೇಕು. ಹಳೆಯ ಹೊಳೆಗಲ್ಲಿನ ಸಿಡುಬಿನ ಕಲೆ ಎಲ್ಲಾದರೂ ಉಳಿದಿದ್ದರೆ ಮುಂದೆ ಹೋಗಬೇಡಿ. 500 ಅದನ್ನು ತೆಗೆಯಲಾರದು, ಪಾಲಿಶ್ ಅದನ್ನು ಎತ್ತಿ ತೋರಿಸುತ್ತದೆ.

ಹಂತಗಳ ನಡುವೆ ತೊಳೆಯುವ ಕೆಲಸವೇ ಬೇಸರದ್ದು, ಅಲ್ಲಿ ಅವಸರ ಮಾಡಿದವರಿಗೇ ಹೊಳಪು ಸಿಗದಿರುವುದು. ಕಲ್ಲು, ಸೆರಾಮಿಕ್ ತೆಗೆದು ಬಕೆಟ್‌ನಲ್ಲಿ ನೀರು ತಿಳಿಯಾಗುವ ತನಕ ತೊಳೆಯಿರಿ. ಬೌಲಿನ ಅಂಚು, ಮುಚ್ಚಳದ ಒಳಮೈ, ಮಧ್ಯದ ಬೋಲ್ಟಿನ ಬುಡವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಮತ್ತೆ ತುಂಬಿ, ಸ್ವಲ್ಪ ಹೆಚ್ಚು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಇಪ್ಪತ್ತು ನಿಮಿಷ ಓಡಿಸಿ, ಇನ್ನೊಮ್ಮೆ ತೊಳೆಯಿರಿ. ಈಗಲೇ ಬೋಲ್ಟು, ನಟ್ಟು ಬಿಗಿಯಿರಿ. ಅದುರುವ ಯಂತ್ರದಲ್ಲಿ ಸಡಿಲವಾಗದ ನಟ್ಟಿಲ್ಲ.

500ಕ್ಕೆ ಎರಡು ದಿನ, 1000ಕ್ಕೆ ಒಂದೂವರೆ ದಿನ. ಕೆಲಸ ಮೊದಲಿನಂತೆಯೇ. ಸೂಕ್ಷ್ಮ ಪುಡಿಯ ರಾಡಿ ಬೇಗ ಅಂಟಾಗುವುದರಿಂದ ಸ್ಪ್ರೇ ಬಾಟಲಿ ಕೈಗೆಟುಕುವಲ್ಲಿರಲಿ. 1000 ಮುಗಿದ ಕಲ್ಲನ್ನು ಒಣಗಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ದೀಪದ ಪಟ್ಟಿ ಮಸುಕಾಗಿ ಕಾಣಲು ಶುರುವಾಗಿರುತ್ತದೆ.

ಪಾಲಿಶ್

ಪಾಲಿಶ್‌ಗೆ ಬೇರೆಯೇ ಬೌಲು, ಬೇರೆಯೇ ಸೆರಾಮಿಕ್ ಇಟ್ಟುಕೊಳ್ಳಿ. 220ರ ಒಂದು ಕಣ ಸುಮಾರು 60ರಿಂದ 70 ಮೈಕ್ರಾನ್, ಪಾಲಿಶ್ ಪುಡಿಯದ್ದು 1ರಿಂದ 3 ಮೈಕ್ರಾನ್. ಅಂಥ ನಾಲ್ಕು ಕಣ ಉಳಿದರೂ ಎರಡು ದಿನವಿಡೀ ಗೀರುತ್ತಲೇ ಇರುತ್ತವೆ. ಬಿರುಕು ಬಿಟ್ಟ, ಚೆಕ್ಕೆ ಎದ್ದ ಕಲ್ಲುಗಳನ್ನು ಈಗ ಮುಲಾಜಿಲ್ಲದೆ ಆಚೆ ಹಾಕಿ. ಮಟ್ಟ ಇಳಿದಷ್ಟಕ್ಕೆ ಶುದ್ಧ ಸೆರಾಮಿಕ್ ತುಂಬಿ.

ಎರಡು ದಿನ ಓಡಲಿ. ಟ್ಯೂಬ್‌ಲೈಟಿನ ಅಂಚು ಒಣ ಕಲ್ಲಿನ ಮೇಲೆ ಚೂಪಾಗಿ ಕಂಡರೆ ಆಯಿತು. ಕಾಣಲಿಲ್ಲವೆಂದು ಮೂರನೇ ದಿನ, ನಾಲ್ಕನೇ ದಿನ ಎಂದು ಎಳೆಯಬೇಡಿ. ಪಾಲಿಶ್‌ನಲ್ಲಿ ಬಾರದ ಹೊಳಪು ಹಿಂದಿನ ಹಂತದ ಸಾಲ. ಭೂತಗನ್ನಡಿಯಲ್ಲಿ ಉದ್ದುದ್ದ ಗೀರು ಕಂಡರೆ ಎಲ್ಲಿಂದಲೋ ದಪ್ಪ ಗ್ರಿಟ್ ಬಂದಿದೆ, 500ಕ್ಕೆ ಹಿಂತಿರುಗಿ. ಬಯಲು ಹೊಳೆದು ಏಣು ಮಾತ್ರ ಮಂಕಾಗಿದ್ದರೆ ಬಡಿತ ಜಾಸ್ತಿ, ಸೆರಾಮಿಕ್ ಹೆಚ್ಚಿಸಿ, ನೀರು ತಗ್ಗಿಸಿ. ಎಲ್ಲ ಕಡೆ ತೆಳು ಮಂಜು ಕವಿದಂತಿದ್ದರೆ ಹೆದರಬೇಡಿ, ಅದು ಮೆತ್ತಿಕೊಂಡ ಪುಡಿ. ಸೋಪಿನ ಹಂತ ಅದನ್ನು ತೆಗೆಯುತ್ತದೆ.

ಸೋಪಿನ ಹಂತಕ್ಕೆ ಬೇಕಾದ್ದು ಗ್ರಂಧಿಗೆ ಅಂಗಡಿಯ ಬಿಳಿಗಾರ. ಅರ್ಧ ಚಿಕ್ಕ ಚಮಚ ಬಿಳಿಗಾರವನ್ನು ಬಿಸಿನೀರಲ್ಲಿ ಕರಗಿಸಿ, ಬಣ್ಣವಿಲ್ಲದ ಸಾದಾ ಬಿಳಿ ಸೋಪಿನ ತುರಿ ಒಂದು ಚಿಟಿಕೆ ಸೇರಿಸಿ, ತೊಳೆದ ಲೋಡಿಗೆ ಹಾಕಿ ಎರಡು ಗಂಟೆ ಓಡಿಸಿ. ಗಂಧದ ಸೋಪು ಬಚ್ಚಲಲ್ಲೇ ಇರಲಿ. ಮಂಡ್ಯ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ನೊರೆ ಬಾರದೆ ಬಿಳಿ ಕೆನೆಯಾಗಿ ಕಲ್ಲಿಗೇ ಅಂಟುತ್ತದೆ. ಈ ಹಂತಕ್ಕೆ ಕಾವೇರಿ ನೀರನ್ನೋ ಫಿಲ್ಟರ್ ನೀರನ್ನೋ ಬಳಸಿ. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ, ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಇಡಬೇಡಿ, ಮಕ್ಕಳ ಕೈಗೆ ಸಿಗಬಾರದು.

ರಾಡಿಯನ್ನು ಏನು ಮಾಡುವುದು

ಸಿಂಕಿಗೆ, ಬಚ್ಚಲ ಮೋರಿಗೆ ಒಂದು ಲೋಟವೂ ಬೇಡ. ಪೈಪಿನ ಬಾಗಿನಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾದರೆ ಪೈಪು ಒಡೆಯುವುದೇ ದಾರಿ. ತೊಳೆದ ನೀರನ್ನೆಲ್ಲ ಒಂದು ಬಕೆಟ್‌ನಲ್ಲಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಮೇಲಿನ ತಿಳಿನೀರನ್ನು ಬಯಲಿಗೆ ಬಗ್ಗಿಸಿ, ತಳದ ಕೆಸರನ್ನು ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿ. ನೆಲದ ಮೇಲೆ ಚೆಲ್ಲಿದ ರಾಡಿಯನ್ನು ಒಣಗಲು ಬಿಡಬೇಡಿ. ಒಣಗಿದ್ದರೂ ಪೊರಕೆಯಲ್ಲಿ ಗುಡಿಸಬೇಡಿ. ಬೆಣಚಿನ ಸಣ್ಣ ದೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ, ಕಲ್ಲುಕುಟಿಗರನ್ನು ಕಾಡುವ ಸಿಲಿಕೋಸಿಸ್ ಬರುವುದು ಅದರಿಂದಲೇ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಬಟ್ಟೆಯನ್ನೂ ಅದೇ ಬಕೆಟ್‌ನಲ್ಲಿ ಜಾಲಿಸಿ.